ಎಮ್ಯುಲೇಟರ್‌ನಲ್ಲಿ ಕಾಣುವ ಗ್ಲಿಚ್ ಅಸಲಿ ಕನ್ಸೋಲ್‌ನಲ್ಲೂ ಇತ್ತಾ?

ಪಿಕ್ಸೆಲ್_ಪುಟ್ಟ

ಎಲ್ಲರಿಗೂ ನಮಸ್ಕಾರ. ಎಮ್ಯುಲೇಟರ್‌ನಲ್ಲಿ (ಹಳೇ ಕನ್ಸೋಲ್‌ನ ಕೆಲಸವನ್ನು ಕಂಪ್ಯೂಟರ್‌ನಲ್ಲಿ ನಕಲು ಮಾಡುವ ಪ್ರೋಗ್ರಾಂ) ಸೂಪರ್ ಮಾರಿಯೋ ಬ್ರದರ್ಸ್ 3 ಆಡುತ್ತಿದ್ದೇನೆ. ಮಾರಿಯೋ ಓಡಿದಂತೆಲ್ಲ ಪರದೆಯ ಬಲ ಅಂಚಿನಲ್ಲಿ ಸಣ್ಣ ಪಟ್ಟಿಯಷ್ಟು ಜಾಗದಲ್ಲಿ ಬಣ್ಣ ಕೆಡುತ್ತದೆ. ಒಂದು ಕ್ಷಣ ತಪ್ಪು ಬಣ್ಣ, ಆಮೇಲೆ ತಾನಾಗಿಯೇ ಸರಿ. ಎಡ ಅಂಚಿನಲ್ಲಿ ಒಂದು ಖಾಲಿ ಪಟ್ಟಿ ಬೇರೆ ಇದೆ. ಹಳೇ ಡಬ್ಬಾ ಟಿವಿಯಲ್ಲಿ ಇದೇ ಆಟ ಆಡಿದ್ದೇನೆ, ಇಂಥದ್ದು ಕಂಡಿರಲಿಲ್ಲ. ಬೇರೆ ಎಮ್ಯುಲೇಟರ್ ಹಾಕಿ ನೋಡಿದರೂ ಹಾಗೇ. ರೋಮ್ ಫೈಲ್ (ಆಟದ ಡೇಟಾದ ನಕಲು) ಕೆಟ್ಟಿದೆಯಾ? ಏನಾದರೂ ಸೆಟ್ಟಿಂಗ್ ಬದಲಾಯಿಸಬೇಕಾ?

ಸ್ಕ್ಯಾನ್‌ಲೈನ್

ಫೈಲೂ ಸರಿ ಇದೆ, ಎಮ್ಯುಲೇಟರೂ ಸರಿ ಇದೆ. ಅಸಲಿ ಎನ್‌ಇಎಸ್ (ಈ ಆಟ ಓಡುತ್ತಿದ್ದ ನಿಂಟೆಂಡೊ ಕನ್ಸೋಲ್) ಹೊರಗೆ ಕಳಿಸುತ್ತಿದ್ದ ಚಿತ್ರವನ್ನೇ ನೀವೀಗ ನೋಡುತ್ತಿದ್ದೀರಿ. ಹಳೇ ಟಿವಿ ಅದನ್ನು ಪೂರ್ತಿ ತೋರಿಸುತ್ತಿರಲಿಲ್ಲ, ಅಷ್ಟೇ.

ಇದು ನನಗೆ ತುಂಬಾ ಇಷ್ಟದ ಉದಾಹರಣೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎನ್‌ಇಎಸ್‌ನಲ್ಲಿ ಚಿತ್ರ ಬರೆಯುವ ಚಿಪ್‌ಗೆ ಪಿಪಿಯು ಎನ್ನುತ್ತಾರೆ. ಹಿನ್ನೆಲೆಯ ನಕ್ಷೆ ಇಟ್ಟುಕೊಳ್ಳಲು ಕನ್ಸೋಲ್ ಒಳಗಿರುವುದು ಬರೀ 2 ಕೆಬಿ ಮೆಮೊರಿ. ಎರಡು ಪರದೆಗಾಗುವಷ್ಟು ಜಾಗ. ಆ ಎರಡನ್ನು ಅಕ್ಕಪಕ್ಕ ಇಡಬೇಕಾ, ಒಂದರ ಕೆಳಗೊಂದು ಇಡಬೇಕಾ ಎನ್ನುವುದನ್ನು ಆಟ ಇರುವ ಡಬ್ಬಿ, ಅಂದರೆ ಕಾರ್ಟ್ರಿಜ್ ತೀರ್ಮಾನಿಸುತ್ತದೆ. ಮಾರಿಯೋ 3ರಲ್ಲಿ ಹಾರಿಕೊಂಡು ಮೇಲಕ್ಕೂ ಹೋಗಬಹುದಲ್ವಾ, ಅದಕ್ಕೆ ಒಂದರ ಕೆಳಗೊಂದು ಇಟ್ಟಿದ್ದಾರೆ. ಆದರೆ ಆಟ ಓಡುವುದು ಜಾಸ್ತಿ ಅಡ್ಡಕ್ಕೆ. ಅಡ್ಡಕ್ಕೆ ಹೆಚ್ಚುವರಿ ಜಾಗವೇ ಉಳಿದಿಲ್ಲ. ಎಡಗಡೆ ಮರೆಯಾಗುತ್ತಿರುವ ಕಾಲಂ, ಬಲಗಡೆ ಹೊಸದಾಗಿ ಬರುತ್ತಿರುವ ಕಾಲಂ, ಎರಡೂ ಒಂದೇ ಮೆಮೊರಿ ಜಾಗವನ್ನು ಹಂಚಿಕೊಳ್ಳಬೇಕು.

ಇದರ ಮೇಲೆ ಇನ್ನೊಂದು ತೊಡಕು. ಹಿನ್ನೆಲೆ ಕಟ್ಟುವ ಚಿಕ್ಕ ತುಂಡಾದ ಟೈಲ್‌ನ ಅಗಲ 8 ಪಿಕ್ಸೆಲ್, ಆದರೆ ಯಾವ ಪ್ಯಾಲೆಟ್ (ಬಣ್ಣಗಳ ಗುಂಪು) ಬಳಸಬೇಕು ಎಂದು ಆರಿಸುವುದು 16×16 ಪಿಕ್ಸೆಲ್‌ನ ಚೌಕಕ್ಕೆ ಒಂದರಂತೆ. ಹೊಸ ಕಾಲಂಗೆ ಬಣ್ಣ ಹಾಕಿದ ಕೂಡಲೇ ಇನ್ನೂ ಪರದೆಯ ಮೇಲಿರುವ ಹಳೆಯ ಅರ್ಧದ ಬಣ್ಣವೂ ಬದಲಾಗುತ್ತದೆ. ಅಂಚಿನ ಎಡಗಡೆ 8 ಪಿಕ್ಸೆಲ್ ಮುಚ್ಚಿಬಿಡುವ ಸೌಲಭ್ಯ ಪಿಪಿಯುನಲ್ಲೇ ಇದೆ. ಆಟದವರು ಅದನ್ನು ಬಳಸಿಕೊಂಡಿದ್ದಾರೆ. ನಿಮಗೆ ಕಾಣುವ ಖಾಲಿ ಪಟ್ಟಿ ಅದೇ. ಬಲಗಡೆ ಮುಚ್ಚುವ ಸೌಲಭ್ಯ ಇಲ್ಲ. ಉಳಿದ ಕೊಳಕೆಲ್ಲ ಅಲ್ಲಿ ಕಾಣುತ್ತದೆ.

ಸಿಆರ್‌ಟಿ ಟಿವಿಗಳು, ಅಂದರೆ ಹಳೇ ಡಬ್ಬಾ ಟಿವಿಗಳು, ಚಿತ್ರದ ಅಂಚನ್ನು ಚೌಕಟ್ಟಿನ ಹಿಂದೆ ಸ್ವಲ್ಪ ನುಂಗುತ್ತಿದ್ದವು. ಓವರ್‌ಸ್ಕ್ಯಾನ್ ಎನ್ನುವುದು ಇದನ್ನೇ. ಆಟ ಮಾಡಿದವರು ಅದನ್ನು ನಂಬಿಕೊಂಡೇ ಕೆಲಸ ಮಾಡಿದ್ದಾರೆ. ಸೆಟ್ಟಿಂಗ್‌ನಲ್ಲಿ ಓವರ್‌ಸ್ಕ್ಯಾನ್ ಹುಡುಕಿ, ಎಡಕ್ಕೂ ಬಲಕ್ಕೂ 8 ಪಿಕ್ಸೆಲ್ ಕತ್ತರಿಸಿ. ಎರಡೂ ತೊಂದರೆ ಒಟ್ಟಿಗೇ ಹೋಗುತ್ತವೆ.

ಎಂಟು_ಬಿಟ್

ಒಳ್ಳೆಯ ವಿವರಣೆ. ಇದೇ ಗುಂಪಿಗೆ ಸೇರಿದ ಇನ್ನೊಂದು: ಸ್ಪ್ರೈಟ್ (ಹಿನ್ನೆಲೆಯ ಮೇಲೆ ಓಡಾಡುವ ಸಣ್ಣ ಚಿತ್ರ) ಮಿಟುಕುವುದು. ಎನ್‌ಇಎಸ್ ಒಟ್ಟು 64 ಸ್ಪ್ರೈಟ್ ಇಟ್ಟುಕೊಳ್ಳುತ್ತದೆ, ಆದರೆ ಪರದೆಯ ಒಂದು ಅಡ್ಡ ಗೆರೆಯಲ್ಲಿ 8 ಮಾತ್ರ ತೋರಿಸುತ್ತದೆ. ಒಂಬತ್ತನೆಯದು ಕಾಣುವುದೇ ಇಲ್ಲ. ಒಂದೇ ಶತ್ರು ಪೂರ್ತಿ ಮಾಯವಾದರೆ ಆಟಗಾರನಿಗೆ ಅನ್ಯಾಯ. ಅದಕ್ಕೆ ಪ್ರತಿ ಫ್ರೇಮ್‌ನಲ್ಲೂ (ಪರದೆಯ ಒಂದು ಪೂರ್ತಿ ಚಿತ್ರ) ಸ್ಪ್ರೈಟ್‌ಗಳ ಸರದಿ ಬದಲಾಯಿಸುತ್ತಿದ್ದರು. ಈ ಫ್ರೇಮ್‌ನಲ್ಲಿ ಒಂದು ಕಾಣದಿದ್ದರೆ ಮುಂದಿನದರಲ್ಲಿ ಇನ್ನೊಂದು. ಕಣ್ಣಿಗೆ ಎಲ್ಲವೂ ಮಿಟುಕಿದಂತೆ ಕಾಣುತ್ತದೆ. ಮಿತಿ ಇರುವುದು ಚಿಪ್‌ನಲ್ಲಿ. ಮಿಟುಕುವುದು ಪ್ರೋಗ್ರಾಂ ಬರೆದವರ ಉಪಾಯ.

ಈಗಿನ ಎಮ್ಯುಲೇಟರ್‌ಗಳಲ್ಲಿ ಈ 8ರ ಮಿತಿ ತೆಗೆದುಹಾಕುವ ಆಯ್ಕೆ ಇದೆ. ನಾನು ಯಾವಾಗಲೂ ಅದನ್ನು ಆನ್ ಮಾಡಿಯೇ ಇಡುತ್ತೇನೆ. ಕಣ್ಣಿಗೆ ಹಾಯಾಗಿರುತ್ತದೆ. ಆಟದ ವೇಗವೂ ಬದಲಾಗುವುದಿಲ್ಲ, ಕಷ್ಟವೂ ಬದಲಾಗುವುದಿಲ್ಲ. ಸುಮ್ನೆ ಯಾಕೆ ಮಿಟುಕುವುದನ್ನು ನೋಡಬೇಕು?

ಕೋಡ್_ಕೆದಕುವವಳು

ಎಂಟು_ಬಿಟ್ ಅವರೇ, ಯಾವಾಗಲೂ ಆನ್ ಇಡುವುದಕ್ಕೆ ಒಂದು ತಕರಾರಿದೆ. ಆ ಮಿತಿಯನ್ನೇ ಸಾಧನ ಮಾಡಿಕೊಂಡ ಆಟಗಳಿವೆ. ಕ್ಯಾಸಲ್‌ವೇನಿಯಾ 2 ತೆಗೆದುಕೊಳ್ಳಿ. ಅದರ ನಾಯಕ ಸೈಮನ್ ಜೌಗಿನಲ್ಲಿ ಇಳಿದಾಗ ಕಾಲು ಕೆಸರೊಳಗೆ ಹೋಗಬೇಕು. ಅದಕ್ಕೆ ಅವರು ಮಾಡಿದ್ದೇನೆಂದರೆ, ಆ ಗೆರೆಗಳಲ್ಲಿ ಕಣ್ಣಿಗೆ ಕಾಣದ ಸ್ಪ್ರೈಟ್‌ಗಳನ್ನು ಮೊದಲೇ ತುಂಬಿಟ್ಟರು. 8ರ ಕೋಟಾ ಅಲ್ಲಿಗೆ ಮುಗಿಯಿತು. ಸೈಮನ್‌ನ ಕಾಲಿಗೆ ಜಾಗವೇ ಸಿಗಲಿಲ್ಲ, ಕಾಲು ಮಾಯ. ಮಿತಿ ತೆಗೆದರೆ ಕಾಲು ಕೆಸರಿನ ಮೇಲೆ ತೇಲಿದಂತೆ ಕಾಣುತ್ತದೆ. ಅಸಲಿ ಕನ್ಸೋಲ್‌ನಲ್ಲಿ ಇಲ್ಲದ ಗ್ಲಿಚ್ ನಾವೇ ಹುಟ್ಟಿಸಿದ ಹಾಗಾಯಿತು.

ಮೆಸೆನ್ ಎಮ್ಯುಲೇಟರ್‌ನಲ್ಲಿ ಇದಕ್ಕೊಂದು ಒಳ್ಳೆಯ ದಾರಿ ಇದೆ. ಮಿತಿ ತೆಗೆದಿದ್ದರೂ, ಆಟ ಬೇಕಂತಲೇ ಸ್ಪ್ರೈಟ್ ಮುಚ್ಚುತ್ತಿದೆ ಎಂದು ಗೊತ್ತಾದಾಗ ಅದು ಮಿತಿಯನ್ನು ತಾನೇ ವಾಪಸ್ ತರುತ್ತದೆ. ಆ ಎರಡನೇ ಆಯ್ಕೆಯನ್ನೂ ಆನ್ ಮಾಡಿಡಿ.

ಇನ್ನೊಂದು ಮಾತು. ಏನಾದರೂ ತಪ್ಪಾಗಿ ಕಂಡ ತಕ್ಷಣ ಸೆಟ್ಟಿಂಗ್ ತಿರುಗಿಸಲು ಹೋಗಬೇಡಿ. ಅದು ಹುಟ್ಟಿದ್ದು ಎಲ್ಲಿ ಎಂದು ಮೊದಲು ಹುಡುಕಿ. ಆಟದ ಕೋಡ್‌ನಲ್ಲೇ ಇರಬಹುದು. ಕನ್ಸೋಲ್‌ನ ಚಿಪ್‌ನ ಮಿತಿ ಇರಬಹುದು. ಕೇಬಲ್, ಟಿವಿಯ ಹಾದಿಯಲ್ಲಿ ಇರಬಹುದು. ಕಾರ್ಟ್ರಿಜ್‌ನ ಕೊಳೆಯಾಗಿರಬಹುದು. ಎಮ್ಯುಲೇಟರ್ ಬರೆದವರಿಂದ ತಪ್ಪಿದ್ದೂ ಇರಬಹುದು. ಪ್ರತಿಯೊಂದಕ್ಕೂ ಮದ್ದು ಬೇರೆ. ಕೆಲವಕ್ಕೆ ಮದ್ದೇ ಬೇಡ.

ಪಿಕ್ಸೆಲ್_ಪುಟ್ಟ

ಓವರ್‌ಸ್ಕ್ಯಾನ್ ಕತ್ತರಿಸಿದೆ, ಅಂಚು ಸರಿಯಾಯಿತು. ಸ್ಕ್ಯಾನ್‌ಲೈನ್ ಅವರಿಗೆ ತುಂಬಾ ಥ್ಯಾಂಕ್ಸ್. ಆಟದ ಕೋಡ್‌ನಲ್ಲೇ ಇರುವ ಗ್ಲಿಚ್ ಅಂದರೆ ಯಾವ ಥರದ್ದು? ಅದು ಎಲ್ಲ ಕಡೆ ಒಂದೇ ಥರ ಕಾಣುತ್ತಾ?

ಕೋಡ್_ಕೆದಕುವವಳು

ಹೌದು, ಕಾಣಲೇಬೇಕು. ಮೊದಲ ಸೂಪರ್ ಮಾರಿಯೋದ ಮೈನಸ್ ವರ್ಲ್ಡ್ ಹಾಗೇ. ಗೋಡೆಯೊಳಗೆ ನುಸುಳಿ, ಬೇರೆ ಹಂತಕ್ಕೆ ಒಯ್ಯುವ ವಾರ್ಪ್ ಪೈಪ್‌ಗೆ ಬೇಗ ಹೊಕ್ಕರೆ, ಪೈಪ್ ಎಲ್ಲಿಗೆ ಹೋಗಬೇಕು ಎಂಬ ಮಾಹಿತಿ ಇನ್ನೂ ಸರಿಯಾಗಿ ತುಂಬಿರುವುದಿಲ್ಲ. ಅದರಿಂದ ಬರುವುದು "ವರ್ಲ್ಡ್ -1". ಕಾರ್ಟ್ರಿಜ್ ಆವೃತ್ತಿಯಲ್ಲಿ ಅದು ಮುಗಿಯದ ನೀರಿನ ಹಂತ. ಜಪಾನಿನ ಡಿಸ್ಕ್ ಆವೃತ್ತಿಯಲ್ಲಿ ಡೇಟಾ ಜೋಡಿಸಿದ ರೀತಿ ಬೇರೆ, ಹಾಗಾಗಿ ಅಲ್ಲಿ ಬೇರೆಯೇ ಹಂತಗಳು ಬರುತ್ತವೆ. ಪೋಕೆಮಾನ್ ರೆಡ್, ಬ್ಲೂನ ಮಿಸ್ಸಿಂಗ್‌ನೋ ಎಂಬ ಗ್ಲಿಚ್ ಪೋಕೆಮಾನ್ ಇನ್ನೊಂದು. ಅಲ್ಲಿ ಕಾಣುವ ಕಲಸುಮೇಲೋಗರದ ಚಿತ್ರಕ್ಕೆ ಕಾರಣ, ಸ್ಪ್ರೈಟ್ ಅಲ್ಲದ ಡೇಟಾವನ್ನು ಆಟ ಸ್ಪ್ರೈಟ್ ಎಂದುಕೊಂಡು ಬಿಚ್ಚುವುದು. ಹಾಲ್ ಆಫ್ ಫೇಮ್ ದಾಖಲೆ ಕೆಡುವುದೂ ಅದರಿಂದಲೇ.

ಇವು ಎಮ್ಯುಲೇಟರ್‌ನಲ್ಲಿ ಬರದೇ ಹೋದರೆ ಆ ಎಮ್ಯುಲೇಟರ್‌ನಲ್ಲೇ ಏನೋ ತಪ್ಪಿದೆ ಎಂದರ್ಥ.

ಕಾರ್ಟ್ರಿಜ್_ಪ್ರೇಮಿ

ಇಷ್ಟೆಲ್ಲ ಗೊಂದಲ ಯಾಕೆ? ಅಸಲಿ ಕನ್ಸೋಲ್, ಅಸಲಿ ಕಾರ್ಟ್ರಿಜ್ ಇಟ್ಟುಕೊಳ್ಳಿ. ಅಲ್ಲಿ ಕಂಡದ್ದೇ ನಿಜ. ಎಮ್ಯುಲೇಟರ್ ಎಷ್ಟೇ ಚೆನ್ನಾಗಿದ್ದರೂ ಅದು ನಕಲು. ನಾನು ಸೆಗಾದ ಮೆಗಾ ಡ್ರೈವ್ ಕನ್ಸೋಲ್‌ಗೆ ಒಳ್ಳೆಯ ಆರ್‌ಜಿಬಿ ಕೇಬಲ್ (ಕೆಂಪು, ಹಸಿರು, ನೀಲಿಯನ್ನು ಬೇರೆ ಬೇರೆಯಾಗಿ ಕಳಿಸುವಂಥದ್ದು) ಹಾಕಿದ್ದೇನೆ, ಚಿತ್ರ ಕನ್ನಡಿಯಷ್ಟು ಸ್ಪಷ್ಟ.

ಸ್ಕ್ಯಾನ್‌ಲೈನ್

ಕಾರ್ಟ್ರಿಜ್_ಪ್ರೇಮಿ ಅವರೇ, ನಿಮ್ಮ ಪ್ರೀತಿ ನನಗೂ ಇದೆ. ಆದರೆ ನಿಮ್ಮ ಸೆಟಪ್‌ನಲ್ಲೇ ಒಂದು ಪರೀಕ್ಷೆ ಮಾಡಿ. 1991ರ ಸೋನಿಕ್ ಹಾಕಿ, ಗ್ರೀನ್ ಹಿಲ್‌ನ ಜಲಪಾತದ ಹತ್ತಿರ ನಿಲ್ಲಿ. ಆರ್‌ಜಿಬಿ ಕೇಬಲ್‌ನಲ್ಲಿ ಆ ನೀರು ಸಣ್ಣ ಸಣ್ಣ ಉದ್ದ ಗೆರೆಗಳಾಗಿ ಕಾಣುತ್ತದೆ. ಒಂದು ಗೆರೆ ನೀರು, ಒಂದು ಗೆರೆ ಹಿಂದಿನ ಬಂಡೆ. ಅದೇ ಕನ್ಸೋಲ್‌ಗೆ ಎಲ್ಲ ಬಣ್ಣವನ್ನೂ ಒಂದೇ ತಂತಿಯಲ್ಲಿ ಕಳಿಸುವ, ಹಳದಿ ಪಿನ್ನಿನ ಸಾಮಾನ್ಯ ಕಾಂಪೊಸಿಟ್ ಕೇಬಲ್ ಹಾಕಿ. ಗೆರೆಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ನೀರಿನ ಹಿಂದೆ ಬಂಡೆ ಪಾರದರ್ಶಕವಾಗಿ ಕಾಣುತ್ತದೆ.

ಮೆಗಾ ಡ್ರೈವ್‌ನಲ್ಲಿ ಅರೆಪಾರದರ್ಶಕ ಬಣ್ಣ ಬೆರೆಸುವ ಸೌಲಭ್ಯ ಇರಲಿಲ್ಲ. ಒಟ್ಟು 512 ಬಣ್ಣ, ಮಾಮೂಲಿಯಾಗಿ ಒಂದು ಪರದೆಯಲ್ಲಿ 64ರೊಳಗೆ. ಹಾಗಾಗಿ ಚಿತ್ರ ಬಿಡಿಸಿದವರು ಬೆರೆಸುವ ಕೆಲಸವನ್ನು ಕೇಬಲ್‌ಗೆ ಮತ್ತು ಟಿವಿಗೆ ಬಿಟ್ಟರು. ಆ ಚಿತ್ರ ಪೂರ್ತಿಯಾಗುವುದು ಕನ್ಸೋಲ್‌ನ ಹೊರಗೆ. ಅದೇ ಕಾಂಪೊಸಿಟ್ ಮೆಗಾ ಡ್ರೈವ್‌ನಲ್ಲಿ ಕಾಮನಬಿಲ್ಲಿನಂಥ ಬಣ್ಣದ ಪಟ್ಟಿಗಳನ್ನೂ ತರುತ್ತದೆ, ಅದು ಯಾರಿಗೂ ಬೇಕಿರಲಿಲ್ಲ. ಎರಡೂ ಒಂದೇ ಕೇಬಲ್‌ನಿಂದ ಬರುತ್ತವೆ.

ಸೂಪರ್ ನಿಂಟೆಂಡೊದಲ್ಲಿ ಬೆರೆಸುವ ಸೌಲಭ್ಯ ಚಿಪ್‌ನಲ್ಲೇ ಇತ್ತು. ಆದರೂ ಕಿರ್ಬೀಸ್ ಡ್ರೀಮ್ ಲ್ಯಾಂಡ್ 3 ಇನ್ನೊಂದು ಹಾದಿ ಹಿಡಿಯಿತು. ಅಡ್ಡಕ್ಕೆ 256ರ ಬದಲು 512 ಪಿಕ್ಸೆಲ್‌ನ ಮೋಡ್ ಹಾಕಿ, ಒಂದು ಬಿಟ್ಟು ಒಂದು ಕಾಲಂನಲ್ಲಿ ಎರಡು ಚಿತ್ರಗಳನ್ನು ಹೆಣೆದರು. ಟಿವಿ ಅದನ್ನು ಬೆರೆಸಿ ಪಾರದರ್ಶಕ ಮಾಡಿತು. ಎಮ್ಯುಲೇಟರ್ ಕಡ್ಡಿಯಂಥ ಗೆರೆ ತೋರಿಸಿದರೆ ಅದು ಸುಳ್ಳು ಹೇಳುತ್ತಿಲ್ಲ. ಕನ್ಸೋಲ್ ಕೊಟ್ಟಿದ್ದನ್ನೇ ತೋರಿಸುತ್ತಿದೆ. ಬೆರೆಸುವ ಫಿಲ್ಟರ್ ಹಾಕಿದರೆ ಆಟದವರು ಅಂದುಕೊಂಡ ಚಿತ್ರ ಬರುತ್ತದೆ.

ಇನ್ನು ಎನ್‌ಇಎಸ್‌ನ ಬಣ್ಣ. ಆ ಚಿಪ್ ಆರ್‌ಜಿಬಿ ಕೊಡುವುದೇ ಇಲ್ಲ, ನೇರವಾಗಿ ಕಾಂಪೊಸಿಟ್ ಸಿಗ್ನಲ್ ಹುಟ್ಟಿಸುತ್ತದೆ. ಅದನ್ನು ಬಣ್ಣವಾಗಿ ಬಿಡಿಸುವುದು ಟಿವಿ. ಮಾರಿಯೋದ ಆಕಾಶ ಒಂದು ಟಿವಿಯಲ್ಲಿ ನೀಲಿ, ಇನ್ನೊಂದರಲ್ಲಿ ನೇರಳೆ ಕಡೆಗೆ ವಾಲಿರುತ್ತದೆ. ಎಮ್ಯುಲೇಟರ್‌ಗಳಲ್ಲಿ ಅಷ್ಟೊಂದು ಪ್ಯಾಲೆಟ್ ಫೈಲ್‌ಗಳಿರುವುದು ಇದಕ್ಕೇ. ಇದೇ ಸರಿ ಎಂದು ಹೇಳಬಹುದಾದ ಒಂದೇ ಒಂದು ಪ್ಯಾಲೆಟ್ ಇಲ್ಲ.

ಕಾರ್ಟ್ರಿಜ್_ಪ್ರೇಮಿ

ಜಲಪಾತದ ಗೆರೆ ನಿಜವಾಗಿ ಇದೆ, ಈಗಷ್ಟೇ ನೋಡಿದೆ. ಆದರೂ ನನಗೆ ಆರ್‌ಜಿಬಿಯೇ ಇಷ್ಟ. ಆ ಗೆರೆಗಳಲ್ಲಿ ಚಿತ್ರಕಾರರ ಕೈ ಕಾಣುತ್ತದೆ. ಯಾವ ಪಿಕ್ಸೆಲ್ ಎಲ್ಲಿಟ್ಟರು ಎಂದು ಲೆಕ್ಕ ಹಾಕಬಹುದು. ಅದನ್ನು ಮಸುಕು ಮಾಡಿ ನೋಡಲು ಮನಸ್ಸು ಬರುವುದಿಲ್ಲ.

ಬೆಸುಗೆ_ಕೈ

ಅಸಲಿ ಹಾರ್ಡ್‌ವೇರ್ ಬಗ್ಗೆ ನನ್ನದೂ ಎರಡು ಮಾತು. ಹಳೇ ಕನ್ಸೋಲ್‌ನಲ್ಲಿ ಕಾಣುವ ಗ್ಲಿಚ್‌ಗಳಲ್ಲಿ ಜಾಸ್ತಿ ಪಾಲು ಬರೀ ಕೊಳೆ.

ಎನ್‌ಇಎಸ್ ಕಾರ್ಟ್ರಿಜ್‌ನಲ್ಲಿ ಪ್ರೋಗ್ರಾಂ ಒಂದು ಚಿಪ್‌ನಲ್ಲಿ, ಚಿತ್ರಗಳು ಇನ್ನೊಂದು ಚಿಪ್‌ನಲ್ಲಿ ಇರುವುದು ಸಾಮಾನ್ಯ. ಎರಡಕ್ಕೂ ಪಿನ್‌ಗಳು ಬೇರೆ ಬೇರೆ. ಚಿತ್ರದ ಕಡೆಯ ಒಂದು ಪಿನ್‌ಗೆ ಕೊಳೆ ಹಿಡಿದರೆ, ಆಟ ಸರಿಯಾಗಿ ಓಡುತ್ತದೆ, ಸಂಗೀತ ಸರಿಯಾಗಿ ಬರುತ್ತದೆ, ಚಿತ್ರ ಮಾತ್ರ ಚೂರುಚೂರು. ಅಕ್ಷರಗಳ ಜಾಗದಲ್ಲಿ ಗೋಡೆಯ ತುಂಡು, ಮಾರಿಯೋ ಜಾಗದಲ್ಲಿ ಗೆರೆ. ಇದು ಕಂಡರೆ ಚಿಪ್ ಸತ್ತಿದೆ ಎಂದು ಹೆದರಬೇಡಿ. ಪ್ರೋಗ್ರಾಂ ಕಡೆಯ ಪಿನ್ ಕೊಳೆಯಾದರೆ ಆಟ ಶುರುವಾಗುವುದೇ ಕಷ್ಟ. ಮೆಗಾ ಡ್ರೈವ್‌ನಲ್ಲಿ ಚಿತ್ರ, ಪ್ರೋಗ್ರಾಂ ಎರಡೂ ಒಂದೇ ರೋಮ್‌ನಲ್ಲಿ, ಒಂದೇ ಹಾದಿಯಲ್ಲಿ ಬರುತ್ತವೆ. ಅಲ್ಲಿ ಕೊಳೆ ಇದ್ದರೆ ಸಾಮಾನ್ಯವಾಗಿ ಆಟವೇ ನಿಂತುಬಿಡುತ್ತದೆ.

ಮುಂದಿನಿಂದ ಕಾರ್ಟ್ರಿಜ್ ಹಾಕುವ ಎನ್‌ಇಎಸ್‌ನಲ್ಲಿ ದೀಪ ಸೆಕೆಂಡಿಗೊಮ್ಮೆ ಮಿಟುಕಿ ಪರದೆ ಬಂದು ಹೋಗುತ್ತಿದ್ದರೆ, ಅದು 10ಎನ್‌ಇಎಸ್ ಎಂಬ ಬೀಗದ ಚಿಪ್‌ನ ಕೆಲಸ. ಕಾರ್ಟ್ರಿಜ್‌ನಲ್ಲಿರುವ ಜೋಡಿ ಚಿಪ್‌ನ ಜೊತೆ ಮಾತು ಕುದುರದಿದ್ದರೆ ಅದು ಕನ್ಸೋಲನ್ನು ಮತ್ತೆ ಮತ್ತೆ ರೀಸೆಟ್ ಮಾಡುತ್ತದೆ. 1993ರಲ್ಲಿ ಬಂದ, ಮೇಲಿನಿಂದ ಕಾರ್ಟ್ರಿಜ್ ಹಾಕುವ ಮಾದರಿಯಲ್ಲಿ ಆ ಬೀಗ ಇಲ್ಲ. ಆದರೆ ಅದರ ಚಿತ್ರದಲ್ಲಿ ಉದ್ದಕ್ಕೂ ಮಸುಕಾದ ಗೆರೆಗಳು ಬರುತ್ತವೆ. ಅಸಲಿ ಎಂದಾಗ ಯಾವ ಅಸಲಿ ಎಂದು ಕೇಳಲೇಬೇಕಾಗುತ್ತದೆ.

ದಯವಿಟ್ಟು ಕಾರ್ಟ್ರಿಜ್ ಒಳಗೆ ಬಾಯಿಂದ ಊದಬೇಡಿ. ಉಸಿರಿನ ತೇವದಿಂದ ಪಿನ್ ತುಕ್ಕು ಹಿಡಿಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್, ಹತ್ತಿ ಸುತ್ತಿದ ಕಡ್ಡಿ ಸಾಕು. ಕಡ್ಡಿ ಕಪ್ಪಾಗುವುದು ನಿಲ್ಲುವ ತನಕ ಉಜ್ಜಿ, ಪೂರ್ತಿ ಒಣಗಲು ಬಿಡಿ. ನಿಂಟೆಂಡೊ 64 (ಎನ್64) ಕನ್ಸೋಲ್‌ನಲ್ಲಿ ಆಟ ಓಡುತ್ತಿರುವಾಗ ಕಾರ್ಟ್ರಿಜ್ ಓರೆ ಮಾಡಿ, ಗೋಲ್ಡನ್‌ಐ ಆಟದ ಪಾತ್ರಗಳ ಕೈಕಾಲು ತಿರುಚುವಂತೆ ಮಾಡುವ ವಿಡಿಯೋಗಳು ಓಡಾಡುತ್ತವೆ. ಅದನ್ನೂ ಮಾಡಬೇಡಿ. ಪಿನ್‌ಗಳು ತಪ್ಪು ಜಾಗಕ್ಕೆ ತಾಗಿದರೆ ಕನ್ಸೋಲೂ ಹೋಗುತ್ತದೆ, ಸೇವ್ ಕೂಡ ಹೋಗುತ್ತದೆ.

ಹೊಸಟಿವಿ

ನನ್ನ ಸಮಸ್ಯೆ ಉಲ್ಟಾ ಇದೆ. ಕನ್ಸೋಲ್ ಅಸಲಿ, ಸೂಪರ್ ನಿಂಟೆಂಡೊ. ಪಿನ್ ಎಲ್ಲ ಸ್ವಚ್ಛ ಮಾಡಿದ್ದೇನೆ. ಟಿವಿ ಹೊಸದು, ಚಪ್ಪಟೆ. ಏಟು ತಿಂದಾಗ ಪಾತ್ರ ಮಿಟುಕಬೇಕು ತಾನೇ? ಮಿಟುಕುವ ಬದಲು ಒಂದೊಂದು ಸಲ ಪಾತ್ರ ಪೂರ್ತಿ ಮಾಯವಾಗುತ್ತದೆ. ಕೆಲವು ಸಲ ಬಾಚಣಿಗೆ ಹಲ್ಲಿನಂಥ ಗೆರೆಗಳು ಬರುತ್ತವೆ. ನೆರಳುಗಳೂ ಹಾಗೇ. ಎಮ್ಯುಲೇಟರ್‌ನಲ್ಲಿ ಅದೇ ಆಟ ಸರಿಯಾಗಿದೆ. ಕನ್ಸೋಲ್ ಹಾಳಾಗಿದೆಯಾ?

ಸ್ಕ್ಯಾನ್‌ಲೈನ್

ಹಾಳಾಗಿಲ್ಲ. ನಿಮ್ಮ ಟಿವಿ ಸಿಗ್ನಲ್ಲನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಿದೆ.

ಆ ಕಾಲದ ಕನ್ಸೋಲ್‌ಗಳು ಕಳಿಸುತ್ತಿದ್ದದ್ದು 240ಪಿ. ಟಿವಿ ಪ್ರಸಾರ ಇದ್ದದ್ದು 480ಐ. ಅದರಲ್ಲಿ ಬೆಸ ಗೆರೆಗಳು ಒಮ್ಮೆ, ಸಮ ಗೆರೆಗಳು ಒಮ್ಮೆ ಬರುತ್ತವೆ, ಎರಡೂ ಸೇರಿ ಒಂದು ಚಿತ್ರ. 240ಪಿಯಲ್ಲಿ ಹಾಗಲ್ಲ. ಪ್ರತಿ ಸಲ ಬರುವುದೂ ಒಂದು ಪೂರ್ತಿ ಚಿತ್ರ, ಸೆಕೆಂಡಿಗೆ ಸುಮಾರು 60. ಸಿಆರ್‌ಟಿಗೆ ಈ ವ್ಯತ್ಯಾಸದ ಗೊಡವೆಯೇ ಇರಲಿಲ್ಲ. ಬಂದದ್ದನ್ನು ಬಂದ ಹಾಗೆ ಬರೆಯುತ್ತಿತ್ತು. ಹೊಸ ಟಿವಿಗಳಲ್ಲಿ ಎಷ್ಟೋ 240ಪಿಯನ್ನು 480ಐ ಎಂದೇ ತಿಳಿದುಕೊಳ್ಳುತ್ತವೆ. ಪಕ್ಕಪಕ್ಕದ ಎರಡು ಫ್ರೇಮ್‌ಗಳನ್ನು ಒಂದೇ ಚಿತ್ರದ ಎರಡು ಅರ್ಧ ಎಂದು ಹೆಣೆಯುತ್ತವೆ.

ಈಗ ನಿಮ್ಮ ಪಾತ್ರ ಒಂದು ಫ್ರೇಮ್‌ನಲ್ಲಿ ಇದೆ, ಮುಂದಿನದರಲ್ಲಿ ಇಲ್ಲ. ಹೆಣೆದರೆ ಏನು ಸಿಗುತ್ತದೆ? ಒಂದು ಗೆರೆಯಲ್ಲಿ ಪಾತ್ರ, ಮುಂದಿನ ಗೆರೆಯಲ್ಲಿ ಹಿನ್ನೆಲೆ. ಬಾಚಣಿಗೆ ಅದೇ. ಟಿವಿ ಒಂದು ಫ್ರೇಮನ್ನು ಪೂರ್ತಿ ಎಸೆದುಬಿಟ್ಟರೆ, ಎಸೆದದ್ದು ಪಾತ್ರ ಇದ್ದ ಫ್ರೇಮೇ ಆಗಿದ್ದರೆ, ಪಾತ್ರ ಮಾಯ. ಎಮ್ಯುಲೇಟರ್ ಫ್ರೇಮನ್ನು ನೇರವಾಗಿ ಕೊಡುವುದರಿಂದ ಅಲ್ಲಿ ಈ ತೊಂದರೆಯೇ ಬರುವುದಿಲ್ಲ.

ಟಿವಿಯ ಮೆನುವಿನಲ್ಲಿ ಗೇಮ್ ಮೋಡ್ ಹಾಕಿ ನೋಡಬಹುದು, ಆದರೆ ಅದರಿಂದ ಸಾಮಾನ್ಯವಾಗಿ ತಡ ಕಡಿಮೆಯಾಗುತ್ತದೆಯೇ ಹೊರತು ಇದು ಹೋಗುವುದಿಲ್ಲ. ಸರಿಯಾದ ದಾರಿ ಎಂದರೆ ಓಎಸ್‌ಎಸ್‌ಸಿ ಅಥವಾ ರೆಟ್ರೋಟಿಂಕ್ ಥರದ, 240ಪಿ ಗುರುತಿಸಬಲ್ಲ ಸಾಧನವನ್ನು ನಡುವೆ ಹಾಕುವುದು. 240ಪಿ ಟೆಸ್ಟ್ ಸೂಟ್ ಎಂಬ ಉಚಿತ ಪ್ರೋಗ್ರಾಂ ಇದೆ. ಅದರಲ್ಲಿ ನೆರಳು ಮಿಟುಕಿಸುವ ಪರೀಕ್ಷೆಯೇ ಇದೆ. ನೆರಳು ಮಿಟುಕದೆ ನಿಂತರೆ ಅಥವಾ ಕಾಣದೇ ಹೋದರೆ ಟಿವಿಯ ಕೆಲಸ ಎಂದು ಖಾತ್ರಿ.

ಎಂಟು_ಬಿಟ್

ಹಾಗಾದರೆ ನಿಜವಾಗಿ ಎಮ್ಯುಲೇಟರ್‌ನದ್ದೇ ತಪ್ಪು ಎನ್ನುವಂಥದ್ದು ಈಗ ಉಳಿದಿದೆಯಾ?

ಕೋಡ್_ಕೆದಕುವವಳು

ಉಳಿದಿದೆ. ನನಗೆ ಅತಿ ಇಷ್ಟದ ಭಾಗ ಇದೇ.

ಸೂಪರ್ ನಿಂಟೆಂಡೊದ ಏರ್ ಸ್ಟ್ರೈಕ್ ಪಟ್ರೋಲ್ ಆಟ ನೋಡಿ. ವಿಮಾನದ ಕೆಳಗೆ ನೆಲದ ಮೇಲೆ ಒಂದು ನೆರಳು ಬೀಳುತ್ತದೆ. ಎಷ್ಟೋ ವರ್ಷ ಬಹುತೇಕ ಎಮ್ಯುಲೇಟರ್‌ಗಳಲ್ಲಿ ಆ ನೆರಳೇ ಇರಲಿಲ್ಲ. ಅದು ಸ್ಪ್ರೈಟೂ ಅಲ್ಲ, ಹಿನ್ನೆಲೆಯೂ ಅಲ್ಲ. ಟಿವಿಯ ಕಿರಣ ಒಂದು ಗೆರೆಯನ್ನು ಬರೆಯುತ್ತಿರುವಾಗಲೇ, ಗೆರೆಯ ಮಧ್ಯದಲ್ಲೇ ಆಟ ಚಿಪ್‌ನ ಸೆಟ್ಟಿಂಗ್ ಬದಲಾಯಿಸಿ, ಮತ್ತೆ ವಾಪಸ್ ಹಾಕುತ್ತದೆ. ಗೆರೆ ಗೆರೆಗೂ ಹಾಗೇ. ನಡುವಿನ ಕಪ್ಪಾದ ತುಂಡುಗಳೆಲ್ಲ ಸೇರಿ ನೆರಳಾಗುತ್ತವೆ. ಎಮ್ಯುಲೇಟರ್‌ಗಳು ವೇಗಕ್ಕಾಗಿ ಒಂದು ಗೆರೆಯನ್ನು ಒಂದೇ ಏಟಿಗೆ ಬರೆದು ಮುಗಿಸುತ್ತಿದ್ದವು. ಗೆರೆಯ ಮಧ್ಯದಲ್ಲಿ ಆದ ಬದಲಾವಣೆ ಅವಕ್ಕೆ ಗೊತ್ತೇ ಆಗುತ್ತಿರಲಿಲ್ಲ. ಬಿಎಸ್‌ಎನ್‌ಇಎಸ್ (bsnes) ಎಮ್ಯುಲೇಟರ್ ಪಿಕ್ಸೆಲ್ ಪಿಕ್ಸೆಲ್ ಲೆಕ್ಕದಲ್ಲಿ ಬರೆದಿದ್ದರಿಂದ ಅದರಲ್ಲಿ ನೆರಳು ಬಂತು. ಅದಕ್ಕೆ ತೆತ್ತ ಬೆಲೆ, ಆ ಕಾಲದ ಕಂಪ್ಯೂಟರ್‌ಗಳಿಗೆ ಭಾರವೆನಿಸುವಷ್ಟು ಕೆಲಸ.

ಒಂದು ನೆರಳಿಗಾಗಿ ಅಷ್ಟು ಬೇಕಾ ಎಂದು ಕೇಳುವವರಿದ್ದಾರೆ. ಬೇಕು ಎಂದೇ ನನ್ನ ಉತ್ತರ. ಆಟ ಬರೆದವರು ಆ ನೆರಳಿಗಾಗಿ ಸಮಯವನ್ನು ಕಣಕಣ ಲೆಕ್ಕ ಹಾಕಿದ್ದಾರೆ. ಆ ಕನ್ಸೋಲ್‌ಗಳು ಒಂದೊಂದಾಗಿ ಕೆಟ್ಟು ಮುಗಿದ ಮೇಲೆ ಅವರ ಕೆಲಸ ಉಳಿಯುವುದು ಎಮ್ಯುಲೇಟರ್‌ನಲ್ಲೇ.

ಎನ್64ರಲ್ಲಿ ಕಥೆ ಬೇರೆ. ಅಲ್ಲಿ ಬರೆದ ಚಿತ್ರ ಇರುವುದು 4 ಎಂಬಿಯ ಸಾಮಾನ್ಯ ಮೆಮೊರಿಯಲ್ಲೇ. ಪ್ರೊಸೆಸರ್ ಅದನ್ನು ಓದಬಹುದು, ತಿದ್ದಬಹುದು. ಬ್ಯಾಂಜೋ-ಕಝೂಯಿಯಲ್ಲಿ ಪರದೆಯೇ ಜಿಗ್ಸಾ ತುಂಡುಗಳಾಗಿ ಉದುರುವುದು, ಒಕಾರಿನಾ ಆಫ್ ಟೈಮ್‌ನಲ್ಲಿ ಆಟವನ್ನು ಪಾಜ್ ಮಾಡಿದಾಗ ಹಿಂದೆ ಆಟದ ದೃಶ್ಯ ನಿಲ್ಲುವುದು, ಎಲ್ಲ ಇದರಿಂದಲೇ. ಮೇಲ್ಮಟ್ಟದ ಎಮ್ಯುಲೇಶನ್ ಮಾಡುವ, ಅಂದರೆ ಚಿಪ್‌ನ ಒಳಕೆಲಸ ಬಿಟ್ಟು ಫಲಿತಾಂಶವನ್ನಷ್ಟೇ ನಕಲಿಸುವ ಪ್ಲಗಿನ್‌ಗಳು ಚಿತ್ರವನ್ನು ಕಂಪ್ಯೂಟರ್‌ನ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಬರೆಯುತ್ತವೆ. ಆಟ ತನ್ನ ಮೆಮೊರಿಯಲ್ಲಿ ಹುಡುಕಿದರೆ ಅಲ್ಲಿ ಏನೂ ಇಲ್ಲ. ಹಾಗಾಗಿ ಕಪ್ಪು ಹಿನ್ನೆಲೆ. 1999ರಲ್ಲಿ ಅಲ್ಟ್ರಾಎಚ್‌ಎಲ್‌ಇ ಎಮ್ಯುಲೇಟರ್ ಬಂದಾಗಿನಿಂದ ಈ ತೊಂದರೆ ಇದೆ. ಫ್ರೇಮ್‌ಬಫರ್ (ಬರೆದು ಇಟ್ಟ ಚಿತ್ರ) ಅನ್ನು ಆಟದ ಮೆಮೊರಿಗೆ ವಾಪಸ್ ನಕಲಿಸುವ ಆಯ್ಕೆ ಹಾಕಿದರೆ ಸರಿಹೋಗುತ್ತದೆ. ಇಲ್ಲವೇ ಪ್ಯಾರಲಲ್-ಆರ್‌ಡಿಪಿ ಪ್ಲಗಿನ್ ಬಳಸಿ, ಅದು ಚಿಪ್‌ನ ಕೆಲಸವನ್ನೇ ಚಾಚೂ ತಪ್ಪದೆ ಮಾಡುತ್ತದೆ.

ಬೆಸುಗೆ_ಕೈ

ಚಿಪ್‌ನ ದೋಷವನ್ನೇ ಆಟ ಬಳಸಿಕೊಂಡ ಉದಾಹರಣೆ ಇನ್ನೊಂದಿದೆ. 1982ರ ಕಾಸ್ಮಿಕ್ ಆರ್ಕ್, ಅಟಾರಿ 2600. ಆ ಕನ್ಸೋಲ್‌ನ ಚಿತ್ರದ ಚಿಪ್ ಟಿಐಎ. ಇಬ್ಬರು ಆಟಗಾರರು, ಎರಡು ಕ್ಷಿಪಣಿ, ಒಂದು ಚೆಂಡು, ಅದರಲ್ಲಿ ಚಲಿಸುವ ವಸ್ತುಗಳು ಇಷ್ಟೇ. ವಸ್ತುಗಳನ್ನು ಸರಿಸುವ ಆದೇಶವನ್ನು ತಪ್ಪು ಹೊತ್ತಿನಲ್ಲಿ ಕೊಟ್ಟರೆ ಚಿಪ್ ಗಲಿಬಿಲಿಗೊಂಡು ಒಂದು ವಸ್ತುವನ್ನು ಗೆರೆ ಗೆರೆಗೂ ಸರಿಸುತ್ತಾ ಹೋಗುತ್ತದೆ. ಆ ದೋಷದಿಂದಲೇ ಇಡೀ ನಕ್ಷತ್ರದ ಹಿನ್ನೆಲೆ ಬಂತು. ಎಮ್ಯುಲೇಟರ್ ಈ ದೋಷವನ್ನೂ ನಕಲು ಮಾಡದಿದ್ದರೆ ಆಕಾಶ ಕೆಡುತ್ತದೆ.

ತ್ರಿಕೋನ

ಪ್ಲೇಸ್ಟೇಷನ್ ಬಗ್ಗೆ ಯಾರೂ ಮಾತಾಡಲಿಲ್ಲ. ಗೋಡೆ ನಡುಗುವುದು, ನೆಲದ ಚಿತ್ರ ಸೊಟ್ಟಗಾಗುವುದು ಎಮ್ಯುಲೇಟರ್‌ನಲ್ಲಿ ಎದ್ದು ಕಾಣುತ್ತದೆ. ಪಿಜಿಎಕ್ಸ್‌ಪಿ ಎಂಬ ಎಮ್ಯುಲೇಟರ್ ಆಯ್ಕೆ ಹಾಕಿ ಎನ್ನುತ್ತಾರೆ. ಹಾಕಲಾ?

ಸ್ಕ್ಯಾನ್‌ಲೈನ್

ಹಾಕಿ ನೋಡಿ, ಆದರೆ ಏನು ಬದಲಾಗುತ್ತಿದೆ ಎಂದು ತಿಳಿದು ಹಾಕಿ. ಪ್ಲೇಸ್ಟೇಷನ್‌ನ ಲೆಕ್ಕದ ಘಟಕ, ಚಿತ್ರ ಕಟ್ಟುವ ತ್ರಿಕೋನಗಳ ಮೂಲೆಗಳ ಜಾಗವನ್ನು ಪೂರ್ಣಾಂಕದಲ್ಲಿ ಕೊಡುತ್ತದೆ. ಪಿಕ್ಸೆಲ್‌ನ ಭಾಗ ಎಂಬುದೇ ಇಲ್ಲ. ಕ್ಯಾಮೆರಾ ನಿಧಾನವಾಗಿ ಸರಿದರೆ ಮೂಲೆ ಒಂದು ಪಿಕ್ಸೆಲ್‌ನಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಗೋಡೆ ನಡುಗುವುದು ಅದಕ್ಕೆ. ಟೆಕ್ಸ್‌ಚರ್ (ತ್ರಿಕೋನದ ಮೇಲೆ ಅಂಟಿಸುವ ಚಿತ್ರ) ಹಚ್ಚುವಾಗ ದೂರದ ಲೆಕ್ಕವನ್ನೂ ಹಿಡಿಯುವುದಿಲ್ಲ, ಹಾಗಾಗಿ ನೆಲ ಸೊಟ್ಟಗಾಗುತ್ತದೆ. ಯಾವುದು ಮುಂದೆ ಯಾವುದು ಹಿಂದೆ ಎಂದು ಪಿಕ್ಸೆಲ್ ಮಟ್ಟದಲ್ಲಿ ನೋಡುವ ಝಡ್-ಬಫರ್ ಕೂಡ ಇಲ್ಲ. ಎಮ್ಯುಲೇಟರ್‌ನಲ್ಲಿ ರೆಸಲ್ಯೂಶನ್ ಏರಿಸಿದರೆ ಗೆರೆಗಳು ಚೂಪಾಗುತ್ತವೆ, ನಡುಕ ಹಾಗೇ ಉಳಿಯುತ್ತದೆ. ಅದಕ್ಕೇ ಜಾಸ್ತಿ ಕಣ್ಣಿಗೆ ಹೊಡೆಯುತ್ತದೆ.

ಪಿಜಿಎಕ್ಸ್‌ಪಿ ಕತ್ತರಿಸಿಹೋದ ದಶಾಂಶಗಳನ್ನು ಪಕ್ಕದಲ್ಲಿ ಉಳಿಸಿಕೊಂಡು ಚಿತ್ರ ಬರೆಯುವಾಗ ವಾಪಸ್ ಕೊಡುತ್ತದೆ. ಬಹಳ ಆಟಗಳಲ್ಲಿ ಅದ್ಭುತ. ಆದರೆ ಆಟ ತಾನೇ ಮೂಲೆಗಳ ಲೆಕ್ಕ ಬದಲಾಯಿಸಿದ್ದರೆ ಸುಳಿವು ಕಳೆದುಹೋಗುತ್ತದೆ. ಆಗ ತ್ರಿಕೋನಗಳ ನಡುವೆ ಬಿರುಕು ಬರುತ್ತದೆ. ಮೊದಲು ಮೂಲ ರೆಸಲ್ಯೂಶನ್‌ನಲ್ಲಿ, ಪಿಜಿಎಕ್ಸ್‌ಪಿ ಇಲ್ಲದೆ ಸ್ವಲ್ಪ ಹೊತ್ತು ಆಡಿ. ನಡುಕ ಅಷ್ಟೇನೂ ಕಾಡದಿದ್ದರೆ ಹಾಗೇ ಬಿಡಿ.

ತ್ರಿಕೋನ

ನಾನು ಅದನ್ನು ಹಾಕಿಯೇ ಆಡುತ್ತೇನೆ ಅನಿಸುತ್ತದೆ. ನಡುಗುವ ಗೋಡೆ ನೋಡಿ ತಲೆ ನೋಯುತ್ತದೆ. ಕಾರಣ ತಿಳಿದದ್ದು ಖುಷಿಯಾಯಿತು.

ಪಿಕ್ಸೆಲ್_ಪುಟ್ಟ

ಕೊನೆಯದಾಗಿ ಒಂದು. ಗೇಮ್ ಬಾಯ್‌ನ ಝಾಸ್ ಎಂಬ ಶೂಟಿಂಗ್ ಆಟದಲ್ಲಿ ಹಿನ್ನೆಲೆ ವಿಪರೀತ ಮಿಟುಕುತ್ತದೆ. ಓವರ್‌ಸ್ಕ್ಯಾನ್‌ಗೂ ಇದಕ್ಕೂ ಸಂಬಂಧವಿಲ್ಲ ತಾನೇ?

ಕೋಡ್_ಕೆದಕುವವಳು

ಸಂಬಂಧವಿಲ್ಲ. ಗೇಮ್ ಬಾಯ್‌ನ ಎಲ್‌ಸಿಡಿ ತುಂಬಾ ನಿಧಾನ. ಹಿಂದಿನ ಫ್ರೇಮ್ ಪೂರ್ತಿ ಅಳಿಯುವ ಮೊದಲೇ ಮುಂದಿನದು ಬಂದಿರುತ್ತದೆ. ಆ ಆಟ ಎರಡು ಹಿನ್ನೆಲೆಗಳನ್ನು ಫ್ರೇಮ್ ಬಿಟ್ಟು ಫ್ರೇಮ್ ತೋರಿಸುತ್ತದೆ. ಅಸಲಿ ಪರದೆಯಲ್ಲಿ ಅವೆರಡೂ ಬೆರೆತು, ಒಂದರ ಮೂಲಕ ಇನ್ನೊಂದು ಕಾಣುತ್ತದೆ. ನಿಮ್ಮ ಮಾನಿಟರ್ ವೇಗವಾಗಿರುವುದರಿಂದ ಬೆರೆಯುವುದಿಲ್ಲ.

ಸೇಮ್‌ಬಾಯ್, ಎಂಜಿಬಿಎ ಎಮ್ಯುಲೇಟರ್‌ಗಳೆರಡರಲ್ಲೂ ಫ್ರೇಮ್ ಬೆರೆಸುವ ಆಯ್ಕೆ ಇದೆ. ಅದನ್ನು ಹಾಕಿ. ಎಲ್ಲ ಆಟಕ್ಕೂ ಹಾಕಿಡಬೇಡಿ, ವೇಗವಾಗಿ ಓಡುವ ಪಾತ್ರಗಳ ಹಿಂದೆ ಮಸುಕಾದ ಬಾಲ ಬರುತ್ತದೆ. ಈ ಆಟಕ್ಕೆ ಮಾತ್ರ ಪ್ರತ್ಯೇಕ ಸೆಟ್ಟಿಂಗ್ ಉಳಿಸಿಕೊಳ್ಳಿ.